ಬದುಕಿದವರ ಸುದ್ದಿ

25 ನವೆಂಬರ್ 2024, ಸೋಮವಾರ. ಗಡಹಿಂಗ್ಲಜ

ತಲೆಬುರುಡೆ, ಅದರ ಕೆಳಗೆ ಎರಡು ಎಲುಬು, ಕೆಂಪು ಅಕ್ಷರದಲ್ಲಿ ‘ಏಡ್ಸ್ ಅಂದರೆ ಸಾವು’. ಈ ಸಲ ಆ ಪೋಸ್ಟರನ್ನು ಎಲ್ಲಿಯೂ ಹಚ್ಚಬೇಡಿ ಎಂದು ಇವತ್ತಿನ ಏಡ್ಸ್ ತಿಳಿವಳಿಕೆಯ ಸಭೆಯಲ್ಲಿ ಹಟ ಹಿಡಿದು ಹೇಳಿದೆ. ಕಾಲೇಜಿನ ಹುಡುಗರು ಯಾವುದೋ ಹಳೆಯ ಕಪಾಟಿನಿಂದ ಅದರ ಕಟ್ಟನ್ನೇ ಹೊರತೆಗೆದಿದ್ದರು. ಡಿಸೆಂಬರ್ ಒಂದರಿಂದ ಹದಿನೈದು ದಿನ ಬೀದಿನಾಟಕ, ಫೇರಿ, ಹಳ್ಳಿಗಳಲ್ಲಿ ಮಾತುಕತೆ. ಇದು ಮಹಾರಾಷ್ಟ್ರ, ಮರಾಠಿಯಲ್ಲಿ ಮಾತಾಡುವವರು ಬೇಕಾದಷ್ಟು ಇದ್ದಾರೆ. ಆದರೆ ತಾಲೂಕಿನ ಮೂಡಲ ಕಡೆಯ ಹಳ್ಳಿಗಳಿಗೂ ಇಚಲಕರಂಜಿಯ ಮಗ್ಗದವರಿಗೂ ಕನ್ನಡದಲ್ಲಿ ಹೇಳುವವರು ಬೇಕೆಂದು ನನ್ನನ್ನು ಕರೆದರು. ನಿವೃತ್ತಿಯಾಗಿದ್ದರೂ ಇಲ್ಲಿಯ ಜನಕ್ಕೆ ನಾನು ಇನ್ನೂ ನರ್ಸಬಾಯಿಯೇ. ಒಪ್ಪಿಕೊಂಡೆ.

ಆ ಪೋಸ್ಟರು ಬಂದ ಕಾಲಕ್ಕೆ ಅದು ಸುಳ್ಳು ಹೇಳುತ್ತಿರಲಿಲ್ಲ. 1990ರ ದಶಕದ ಕೊನೆ ಅದು. ಮುಂಬಯಿಯ ಹೋಟೆಲು, ಲಾರಿ ಎಂದು ದುಡಿಯಲು ಹೋದ ಗಂಡಸರು ಮೈ ಒಣಗಿಸಿಕೊಂಡು ಊರಿಗೆ ಬರುತ್ತಿದ್ದರು. ನಿಲ್ಲದ ಭೇದಿ, ಬಾಯಿತುಂಬ ಬಿಳಿ ಹುಣ್ಣು, ಕ್ಷಯ. ಉಪಕೇಂದ್ರದ ಪೆಟ್ಟಿಗೆಯಲ್ಲಿ ನನ್ನ ಹತ್ತಿರ ಇದ್ದದ್ದು ಓಆರ್‌ಎಸ್ ಪೊಟ್ಟಣ, ಜ್ವರದ ಗುಳಿಗೆ, ಬಾಯಿಗೆ ಹಚ್ಚುವ ನೇರಳೆ ಔಷಧ, ಅಷ್ಟೇ. ಗಂಡ ಹೋದ, ಹಿಂದೆಯೇ ಹೆಂಡತಿ, ಕೆಲವು ಮನೆಗಳಲ್ಲಿ ಕೂಸು ಕೂಡ. ಹೆಣ ಹೊರಲು ನಾಲ್ಕು ಮಂದಿ ಸಿಗದ ಮನೆಗಳನ್ನು ನೋಡಿದ್ದೇನೆ.

ಆ ಸಾವುಗಳನ್ನು ಇಡೀ ಊರು ನೋಡಿತು. ಆಮೇಲೆ ಬಂದ ಬದುಕನ್ನು ಯಾರೂ ನೋಡಲಿಲ್ಲ. 2004ರ ಏಪ್ರಿಲ್ 1ರಿಂದ ಸರಕಾರ ಎಚ್‌ಐವಿ ಅಡಗಿಸುವ ಎಆರ್‌ಟಿ ಗುಳಿಗೆಗಳನ್ನು ಪುಕ್ಕಟೆ ಕೊಡಲು ಸುರುಮಾಡಿತು. ಮೊದಲು ಮುಂಬಯಿಯ ಜೆ.ಜೆ. ಆಸ್ಪತ್ರೆಯಂಥ ಕೆಲವೇ ಕಡೆ ಸಿಗುತ್ತಿದ್ದದ್ದು ಮುಂದೆ ಕೊಲ್ಹಾಪುರದ ಸರಕಾರಿ ಆಸ್ಪತ್ರೆ ಸಿಪಿಆರ್‌ವರೆಗೂ ಬಂತು. ನುಂಗಿದವರು ಎದ್ದರು, ಹೊಲಕ್ಕೆ ಹೋದರು, ಮಕ್ಕಳ ಮದುವೆ ಮಾಡಿದರು. ತಾವು ಹೇಗೆ ಎದ್ದೆವು ಎಂಬುದನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಬಿಟ್ಟರೆ ನೀರಿನ ಕೊಡ, ಮಗಳ ಸಂಬಂಧ, ದುಡಿಯುವ ಕೆಲಸ ಎಲ್ಲವೂ ಹೋದೀತೆಂಬ ಅಂಜಿಕೆ. ಹಾಗಾಗಿ ಊರಿನ ಲೆಕ್ಕದಲ್ಲಿ ಈ ರೋಗದಿಂದ ಸತ್ತವರಿದ್ದಾರೆ, ಬದುಕಿದವರು ಒಬ್ಬರೂ ಇಲ್ಲ. ಈ ಹದಿನೈದು ದಿನ ನನಗೆ ಹೇಳಬೇಕಾದ್ದು ಬದುಕಿದವರ ಸುದ್ದಿ.

27 ನವೆಂಬರ್, ಬುಧವಾರ. ಗಡಹಿಂಗ್ಲಜ

ಇವತ್ತು ಹಿರಣ್ಯಕೇಶಿಯ ಆಚೆಯ ಒಂದು ಓಣಿಗೆ, ನನ್ನ ಹಳೆಯ ಪರಿಚಯದ ಅಜ್ಜಿಯೊಬ್ಬಳನ್ನು ಕಾಣಲು ಹೋಗಿದ್ದೆ. ಕೂಸಿದ್ದಾಗಲೇ ಅವಳನ್ನು ಎಲ್ಲಮ್ಮನಿಗೆ ಬಿಟ್ಟಿದ್ದರು. ಮಗಳು ಮುಂಬಯಿಗೆ ಹೋಗಿ, ಗುಳಿಗೆ ಬರುವ ಮೊದಲೇ ಇದೇ ರೋಗದಿಂದ ತೀರಿಕೊಂಡಳು. ಕಟ್ಟೆಯ ಮೇಲೆ ಕೂರಿಸಿಕೊಂಡು, ಚಹಾ ಕೊಟ್ಟು, ಹಳೆಯದೆಲ್ಲ ತೆಗೆದಳು. ಒಂದು ಮಾತು ಬರೆದಿಟ್ಟುಕೊಳ್ಳಲೇಬೇಕು. ‘ಬಾಯಾರ, ಎಲ್ಲಾರೂ ನಮ್ಮಿಂದ ಬಂತು ಅಂತಾರ. ನಮಗ ಯಾರಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ ನೋಡ್ರಿ.’

ಈ ಭಾಗಕ್ಕೆ ಆ ಪ್ರಶ್ನೆ ಹೊಸದಾಗಿರಬಾರದಿತ್ತು. ಶಾಹು ಮಹಾರಾಜರು ಕೊಲ್ಹಾಪುರ ಸಂಸ್ಥಾನದಲ್ಲಿ ಹುಡುಗಿಯರನ್ನು ದೇವರಿಗೆ ಬಿಡುವುದನ್ನು 1920ರಲ್ಲೇ ನಿಷೇಧಿಸಿದ್ದರು. ಬಾಬಾ ಆಢಾವರ ಮಹಾತ್ಮಾ ಫುಲೆ ಸಮತಾ ಪ್ರತಿಷ್ಠಾನ 1975ರಲ್ಲಿ ದೇವದಾಸಿಯರ ಪರಿಷತ್ತು ನಡೆಸಿದ್ದು ಇದೇ ಗಡಹಿಂಗ್ಲಜದಲ್ಲಿ. ಆಚೆ ಕರ್ನಾಟಕದಲ್ಲಿ 1982ರ ಕಾಯಿದೆ ಬಂತು. ಕಾಯಿದೆಯಿಂದ ಪದ್ಧತಿ ತಗ್ಗಿತು, ನಿಜ. ಆದರೆ ಅದಾಗಲೇ ಬಿಟ್ಟ ಹೆಂಗಸರಿಗೆ ಹೊಟ್ಟೆಗೆ ಏನು ಎಂದು ವಿಚಾರಿಸಿದವರು ಕಡಿಮೆ. ಎಚ್‌ಐವಿ ಬಂದಾಗ ಬೈಗುಳಕ್ಕೆ ಮೊದಲು ಸಿಕ್ಕವರು ಇವರೇ.

ರೋಗ ತಡೆಯುವ ಕೆಲಸಕ್ಕೂ ಮೊದಲು ಕೈಹಚ್ಚಿದವರು ಹೊಟ್ಟೆಪಾಡಿಗೆ ವೇಶ್ಯಾವೃತ್ತಿಗೆ ಇಳಿದ ಇಂಥ ಹೆಂಗಸರೇ ಎಂಬುದನ್ನು ಯಾರೂ ಹೇಳುವುದಿಲ್ಲ. ಪಕ್ಕದ ಸಾಂಗಲಿಯಲ್ಲಿ ಮೀನಾ ಶೇಷು ಅವರ ‘ಸಂಗ್ರಾಮ’ ಸಂಸ್ಥೆ 1992ರಲ್ಲಿ ಈ ಕೆಲಸಕ್ಕೆ ಇಳಿಯಿತು. 1996ರಲ್ಲಿ ಅಲ್ಲಿಯ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡರು: ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್. ಅವರಲ್ಲಿ ಮನೆಮಾತು ಕನ್ನಡವಾದವರು ಬಹಳ ಮಂದಿ. ನಿರೋಧ್ ಇಲ್ಲದೆ ಗಿರಾಕಿಯನ್ನು ಒಳಗೆ ಬಿಡುವುದಿಲ್ಲ ಎಂದು ಇಡೀ ಓಣಿ ಒಟ್ಟಾಗಿ ನಿಂತರೆ ಗಿರಾಕಿಗೆ ಬೇರೆ ದಾರಿ ಇರುವುದಿಲ್ಲ. ಒಬ್ಬಳೇ ಹೇಳಿದರೆ ಅವನು ಪಕ್ಕದ ಬಾಗಿಲಿಗೆ ಹೋಗುತ್ತಾನೆ. ಇಷ್ಟು ಸರಳವಾದ ಲೆಕ್ಕ ಅದು. ಬಾಗಲಕೋಟೆ ಜಿಲ್ಲೆಯ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘದವರೂ ಸಂಘಟನೆಯ ಇದೇ ಬಲದಿಂದ ಕೆಲಸ ಮಾಡಿದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಂಥ ಹೆಂಗಸರಿಗೂ ಮರ್ಯಾದೆಯಿಂದ ಬಾಳುವ ಹಕ್ಕಿದೆ ಎಂದು ಪೊಲೀಸರಿಗೆ ಬಿಡಿಸಿ ಹೇಳಬೇಕಾಯಿತು.

ನಾಟಕದ ಹುಡುಗರ ಕತೆಯಲ್ಲಿ ರೋಗ ತರುವವಳು ‘ಕೆಟ್ಟ ಹೆಂಗಸು’. ನಾಳೆ ಕೂತು ಆ ಪಾತ್ರ ತೆಗೆಸುತ್ತೇನೆ. ನಾನು ಕಂಡ ಬಾಧಿತ ಹೆಂಗಸರಲ್ಲಿ ಹೆಚ್ಚಿನವರು ಒಬ್ಬ ಗಂಡಸಿನ ಹೊರತು ಇನ್ನೊಬ್ಬನನ್ನು ಕಾಣದ ಗೃಹಿಣಿಯರು.

29 ನವೆಂಬರ್, ಶುಕ್ರವಾರ. ಇಚಲಕರಂಜಿ

ಪಂಚಗಂಗೆಯ ದಂಡೆಯ ಈ ಊರಲ್ಲಿ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂತಂತೆ. ಈಗ ಯಾವ ಗಲ್ಲಿಗೆ ಹೋದರೂ ಅದೇ ಸಪ್ಪಳ, ಹಗಲು ರಾತ್ರಿ. ಅಥಣಿ, ರಾಯಬಾಗ, ಜಮಖಂಡಿ, ಬನಹಟ್ಟಿ, ತೇರದಾಳ ಕಡೆಯಿಂದ ಬಂದ ನಮ್ಮವರು, ಈಚೆಗೆ ಉತ್ತರ ಪ್ರದೇಶ, ಬಿಹಾರದವರು. ಹನ್ನೆರಡು ತಾಸಿನ ಪಾಳಿ. ಮಗ್ಗ ನಡೆಯುವಾಗ ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ, ಅದಕ್ಕೇ ಪಾಳಿ ಬದಲಾಗುವ ಹೊತ್ತಿಗೆ ಕಾರಖಾನೆಯ ಹೊರಗಿನ ಚಹಾದ ಗಾಡಿಯ ಬಳಿ ನಿಂತು ಮಾತಾಡಿದೆವು.

ಎಷ್ಟು ಪ್ರಶ್ನೆಗಳು! ಕನ್ನಡದಲ್ಲಿ ಸುರುಮಾಡಿದ ಮೇಲೆ ನಿಲ್ಲಿಸಲು ಬಿಡಲಿಲ್ಲ. ಗುಂಗಾಡು ಕಚ್ಚಿದರೆ ಬರುತ್ತದೇನು, ಒಂದೇ ಬೀಡಿ ಇಬ್ಬರು ಸೇದಿದರೆ, ಒಂದೇ ತಾಟಿನಲ್ಲಿ ಉಂಡರೆ, ರಕ್ತ ಕೊಟ್ಟರೆ? ಬರುವುದಿಲ್ಲ, ಬರುವುದಿಲ್ಲ, ಬರುವುದಿಲ್ಲ, ಕೊಡುವವನಿಗೆ ಬರುವುದಿಲ್ಲ. ನಿರೋಧ್ ಇಲ್ಲದ ಸಂಭೋಗ, ಸೋಂಕಿರುವ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿ, ತಾಯಿಯಿಂದ ಕೂಸಿಗೆ. ದಾರಿ ಇರುವುದು ಇಷ್ಟೇ. ಮಗ್ಗ ರಿಪೇರಿಯ ಜಾಬರ್ ಒಬ್ಬ ಮೀಸೆ ತಿರುವುತ್ತ ಕೇಳಿದ, ‘ಒಂದ ಪರೀಕ್ಷೆ ತಪ್ಪ ತೋರಿಸಿದ್ರ ಮನಶ್ಯಾನ ಬಾಳೇವೇ ಹೋತಲ್ರಿ?’ ಒಳ್ಳೆಯ ಪ್ರಶ್ನೆ. ಒಂದೇ ಪರೀಕ್ಷೆಯ ಮೇಲೆ ಯಾರಿಗೂ ‘ಇದೆ’ ಎಂದು ಹೇಳುವುದಿಲ್ಲ. ಮೊದಲನೆಯದು ಹೌದೆಂದರೆ ಬೇರೆ ಎರಡು ಬಗೆಯ ಕಿಟ್‌ಗಳಲ್ಲೂ ನೋಡುತ್ತಾರೆ, ಮೂರೂ ಹೌದೆಂದರೆ ಮಾತ್ರ. ಪರೀಕ್ಷೆಗೆ ಮೊದಲು ಮಾತಾಡುತ್ತಾರೆ, ನಂತರವೂ ಮಾತಾಡುತ್ತಾರೆ. ಸೋಂಕು ತಗಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣದೆ ಇರಬಹುದು, ಅದಕ್ಕೇ ಅನುಮಾನವಿದ್ದವರು ಮೂರು ತಿಂಗಳಿಗೆ ಮತ್ತೆ ಬರಬೇಕು. ಎಲ್ಲ ತಲೆ ಆಡಿಸಿದರು.

ಆದರೂ ಯಾರೂ ಹೋಗುವುದಿಲ್ಲ. ಕಾರಣವನ್ನು ಅವರೇ ಹೇಳಿದರು. ಸರಕಾರಿ ದವಾಖಾನೆಯ ಪರೀಕ್ಷೆಯ ಹೊತ್ತು ಅವರ ಪಾಳಿಯ ಹೊತ್ತು. ರಾತ್ರಿಪಾಳಿಯವರು ಅದೇ ಹೊತ್ತಿನಲ್ಲಿ ಮಲಗಬೇಕು. ಒಂದು ದಿನ ತಪ್ಪಿದರೆ ಆ ದಿನದ ದುಡ್ಡು ಇಲ್ಲ, ಎರಡು ದಿನ ತಪ್ಪಿದರೆ ಮಗ್ಗ ಇನ್ನೊಬ್ಬನ ಕೈಗೆ. ಜತೆಗೆ ‘ಯಾಕ ಹೋಗಿದ್ದಿ?’ ಎಂಬ ಪ್ರಶ್ನೆ. ಹತ್ತಿಯ ಧೂಳಿನಲ್ಲಿ ಕೆಮ್ಮುವವರು ಎಷ್ಟೋ ಜನ. ಅದು ಧೂಳಿನ ಕೆಮ್ಮೋ, ಕ್ಷಯವೋ, ಕ್ಷಯದ ಹಿಂದೆ ಎಚ್‌ಐವಿಯೋ, ನೋಡಿದ ಹೊರತು ಗೊತ್ತಾಗದು. ಎಚ್‌ಐವಿ ಇದ್ದವರನ್ನು ಹೆಚ್ಚಾಗಿ ಕೊಲ್ಲುವುದು ಕ್ಷಯ.

ಕಾಯಿದೆಯ ಮಾತೂ ಬಂತು. 1997ರಲ್ಲಿ ಮುಂಬಯಿ ಹೈಕೋರ್ಟು ಒಬ್ಬ ದಿನಗೂಲಿಯವನ ಖಟ್ಲೆಯಲ್ಲಿ, ಕೆಲಸ ಮಾಡುವ ತಾಕತ್ತಿದ್ದರೆ ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ ಎಂದಿತು. 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ: ಒಪ್ಪಿಗೆ ಇಲ್ಲದೆ ಪರೀಕ್ಷೆ ಇಲ್ಲ, ಒಪ್ಪಿಗೆ ಇಲ್ಲದೆ ಬಯಲು ಮಾಡುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ. ಆದರೆ ದೂರು ಕೇಳುವ ಅಧಿಕಾರಿ ಇರಬೇಕಾದದ್ದು ನೂರು ಮಂದಿಗಿಂತ ಕಡಿಮೆ ಇಲ್ಲದ ಕಡೆ. ಮಗ್ಗದ ಕಾರಖಾನೆಯಲ್ಲಿ ನೂರು ಮಂದಿ ಎಲ್ಲಿ? ಇಡೀ ಪೇಟೆಯೇ ಸಣ್ಣಸಣ್ಣ ಛಪ್ಪರಗಳದ್ದು. ಹಕ್ಕು ಇದೆ, ಅದನ್ನು ಹೋಗಿ ಹೇಳಿಕೊಳ್ಳುವ ಬಾಗಿಲು ಹತ್ತಿರದಲ್ಲಿಲ್ಲ. ಇದು ನನ್ನನ್ನು ರಾತ್ರಿಯಿಡೀ ಕಾಡುತ್ತಿದೆ.

1 ಡಿಸೆಂಬರ್, ಭಾನುವಾರ. ಕೊಲ್ಹಾಪುರ

ಜಾಗತಿಕ ಏಡ್ಸ್ ದಿನ. 1988ರಿಂದ ಆಚರಿಸುತ್ತಾರೆ. ಬೆಳಿಗ್ಗೆ ಚಳಿಯಲ್ಲಿ ದಸರಾ ಚೌಕದ ಕಡೆಯಿಂದ ಫೇರಿ. ಎದೆಗೆ ಕೆಂಪು ರಿಬ್ಬನ್, ಕೈಯಲ್ಲಿ ಫಲಕ, ನರ್ಸಿಂಗ್ ಕಾಲೇಜಿನ ಹುಡುಗಿಯರ ಘೋಷಣೆ. ಮಿಸಳ ತಿನ್ನಲು ಬಂದವರು ನಿಂತು ನೋಡಿದರು, ಕೆಲವರು ಕರಪತ್ರ ಇಸಿದುಕೊಂಡರು. ಒಳ್ಳೆಯದೇ. ಆದರೆ ಹತ್ತು ಗಂಟೆಗೆ ಎಲ್ಲ ಮುಗಿದಿತ್ತು.

ಹುಡುಗಿಯರಿಗೆ ನಾನು ನಿರ್ಮಲಾ ಅವರ ಕತೆ ಹೇಳಿದೆ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಅವರ ಕೈಕೆಳಗೆ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿ ಕೂಡಿಸಿದರು. ಈ ದೇಶದಲ್ಲಿ ಅಂಥ ರೋಗ ಎಲ್ಲಿಯದು ಎಂದು ದೊಡ್ಡವರು ಅಂದುಕೊಂಡಿದ್ದ ಹೊತ್ತು. ಮಾದರಿಗಳನ್ನು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಒಯ್ದು ನೋಡಿದಾಗ ಸೋಂಕು ಸಿಕ್ಕಿತು. ಭಾರತ ಕಣ್ಣು ತೆರೆದದ್ದು ಒಬ್ಬ ವಿದ್ಯಾರ್ಥಿನಿಯ ದುಡಿಮೆಯಿಂದ. ಹುಡುಗಿಯರ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು.

ಅವರಲ್ಲಿ ಒಬ್ಬಳು ಆಮೇಲೆ ಬೇಸರದಿಂದ ಹೇಳಿದ ಸಂಗತಿ: ನಾಟಕಕ್ಕೆ ಜಾಗ ಕೊಟ್ಟ ಒಂದು ಶಾಲೆಯವರು ‘ನಿರೋಧ್ ಅನ್ನುವುದನ್ನು ಬಿಟ್ಟು ಮಾಡಿರಿ’ ಎಂದರಂತೆ. 2007 ನೆನಪಾಯಿತು. ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಬೇಡ ಎಂದು ಆ ವರ್ಷ ಮಹಾರಾಷ್ಟ್ರವೂ ತಡೆಯಿತು, ಕರ್ನಾಟಕವೂ ತಡೆಯಿತು. ಗಡಿಯ ವಿಷಯಕ್ಕೆ ಎಂದೂ ಒಂದಾಗದ ಎರಡು ಸರಕಾರಗಳು ಮಕ್ಕಳಿಂದ ಇದನ್ನು ಮುಚ್ಚಿಡುವ ವಿಷಯಕ್ಕೆ ಒಂದಾದವು. ಆ ವರ್ಷ ಎಂಟನೇ ತರಗತಿಯಲ್ಲಿದ್ದವರಿಗೆ ಈಗ ಮೂವತ್ತು. ಮದುವೆಯಾಗಿ ಮಕ್ಕಳಿರುವವರು. ಅವರಿಗೆ ಯಾರು ಹೇಳಿದರು, ಏನು ಹೇಳಿದರು?

ದೇಶದಲ್ಲಿ ಇವತ್ತು ಎಚ್‌ಐವಿ ಜತೆ ಬಾಳುತ್ತಿರುವವರು 25 ಲಕ್ಷಕ್ಕೂ ಹೆಚ್ಚು. ರಾಜ್ಯಗಳಲ್ಲಿ ಮಹಾರಾಷ್ಟ್ರ ಮೊದಲು, ಆಮೇಲೆ ಆಂಧ್ರ, ಆಮೇಲೆ ಕರ್ನಾಟಕ. ನಾವು ಕೂತಿರುವ ಗಡಿಯ ಎರಡೂ ಮಗ್ಗುಲು ಈ ಪಟ್ಟಿಯ ಮೇಲ್ತುದಿಯಲ್ಲಿವೆ.

3 ಡಿಸೆಂಬರ್, ಮಂಗಳವಾರ. ಕೊಲ್ಹಾಪುರದಿಂದ ಬರುವಾಗ

ಎಸ್‌ಟಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ನನಗೆ ಗೊತ್ತಿದ್ದವಳೇ, ಗುಳಿಗೆ ಒಯ್ಯಲು ಬಂದಿದ್ದಳು. ಎಚ್‌ಐವಿ ಇರುವವರಿಗೆ ಎಸ್‌ಟಿಯಲ್ಲಿ ಪುಕ್ಕಟೆ ಪ್ರಯಾಣದ ಸವಲತ್ತು ಇದೆ. ಆದರೂ ಅವಳು ಟಿಕೀಟು ತಗೊಂಡಳು. ಹೆಂಗಸರಿಗೆಲ್ಲ ಅರ್ಧ ದರ ಇರುವುದರಿಂದ ಅದೇ ಸಾಕು ಎಂದಳು. ತುಂಬಿದ ಬಸ್ಸಿನಲ್ಲಿ ಕಂಡಕ್ಟರನ ಕೈಗೆ ಆ ಕಾರ್ಡು ಕೊಡುವ ಧೈರ್ಯ ಯಾರಿಗಿದೆ? ಅವನು ಒಳ್ಳೆಯವನೇ ಇರಬಹುದು, ಹಿಂದಿನ ಸೀಟಿನಲ್ಲಿ ನಮ್ಮೂರವರು ಇರುತ್ತಾರಲ್ಲ. ಕೊಟ್ಟ ಸವಲತ್ತು ಮರ್ಯಾದೆಯನ್ನು ಕಿತ್ತುಕೊಳ್ಳುವಂತಿದ್ದರೆ ಬಡವಳು ಕೂಡ ಅದನ್ನು ಬಿಟ್ಟು ದುಡ್ಡು ತೆರುತ್ತಾಳೆ.

ಸದ್ಯ ಚೆನ್ನಾಗಿರುವವರಿಗೆ ಮೂರು ತಿಂಗಳ ಗುಳಿಗೆ ಒಮ್ಮೆಲೇ ಕೊಡುತ್ತಾರೆ. ಇದು ದೊಡ್ಡ ಉಪಕಾರ. ಮೊದಲು ತಿಂಗಳಿಗೊಮ್ಮೆ ಏನಾದರೊಂದು ನೆವ ಹುಡುಕಿ ಕೊಲ್ಹಾಪುರಕ್ಕೆ ಹೋಗಬೇಕಿತ್ತು.

6 ಡಿಸೆಂಬರ್, ಶುಕ್ರವಾರ

ಇವತ್ತಿನದು ಸಂತೋಷದ ಸುದ್ದಿ. ಪರಿಚಯದ ಮನೆಯ ಕೂಸಿಗೆ ಹದಿನೆಂಟು ತಿಂಗಳು ತುಂಬಿ ಕೊನೆಯ ಪರೀಕ್ಷೆಯಾಯಿತು: ಸೋಂಕು ಇಲ್ಲ. ತಾಯಿ ಬಸುರಿಯಾಗುವ ಮೊದಲಿಂದಲೂ ಗುಳಿಗೆಯ ಮೇಲೆ ಇದ್ದಾಳೆ. ಕೂಸಿಗೆ ಹುಟ್ಟಿದ ಕೂಡಲೇ ಸಿರಪ್ಪು, ಆರು ವಾರಕ್ಕೆ ಮೊದಲ ಪರೀಕ್ಷೆ, ಆರು ತಿಂಗಳು ಬರೀ ಎದೆಹಾಲು. ಏನೂ ಮಾಡದಿದ್ದರೆ ನೂರು ಕೂಸುಗಳಲ್ಲಿ ಹದಿನೈದರಿಂದ ನಲವತ್ತೈದಕ್ಕೆ ತಗಲುವ ರೋಗ, ತಾಯಿ ಸರಿಯಾಗಿ ಗುಳಿಗೆ ತಗೊಂಡರೆ ಐದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಅಜ್ಜಿಗೆ ವಿಷಯ ಗೊತ್ತಿಲ್ಲ. ಅವಳು ದೃಷ್ಟಿ ತೆಗೆದು ಕುಂಚಿಗೆ ಹೊದಿಸಿದ ಫೋಟೋ ಫೋನಿಗೆ ಬಂದಿದೆ.

10 ಡಿಸೆಂಬರ್, ಮಂಗಳವಾರ. ತಾಲೂಕಿನ ಮೂಡಲ ಕಡೆಯ ಹಳ್ಳಿ

ಹೆಸರು ಬರೆಯುವುದಿಲ್ಲ. ಇಲ್ಲಿಂದ ಸಂಕೇಶ್ವರ ಕೈಯಳತೆಯಲ್ಲಿದೆ, ಮಾತು ಕನ್ನಡ, ಮೆಣಸಿನಕಾಯಿ ಮತ್ತು ಕಬ್ಬು. ಗುಡಿಯ ಕಟ್ಟೆಯ ಮುಂದೆ ನಾಟಕ. ಈ ಸಲ ಹುಡುಗರು ಕತೆ ಬದಲಿಸಿದ್ದರು: ಗಂಡ ಹೆಂಡತಿ ಇಬ್ಬರೂ ಗುಳಿಗೆ ನುಂಗಿ ಮಗಳನ್ನು ಓದಿಸುವ ಕತೆ. ಜನ ಕೊನೆಯವರೆಗೂ ಕೂತರು.

ಮುಗಿದ ಮೇಲೆ ಅಗಸಿಯ ಹತ್ತಿರ ಒಬ್ಬ ಮುದುಕ ನನ್ನನ್ನು ತಡೆದ. ‘ಬಾಯಾರ, ನಮ್ಮ ತಮ್ಮಗ ಗುಳಿಗಿ ಕೊಡಲಿಲ್ರಿ. ಇನ್ನೂ ರಕ್ತದಾಗಿನ ಶಕ್ತಿ ಭಾಳ ಐತಿ, ಇಳದ ಮ್ಯಾಲ ಬಾ ಅಂದ್ರು. ಅಂವ ಮತ್ತ ಹೋಗಲೇ ಇಲ್ಲ.’ ಅವನು ಹೇಳುತ್ತಿದ್ದದ್ದು ಹಳೆಯ ನಿಯಮ. ಆಗ ಗುಳಿಗೆ ಕಡಿಮೆ. ಸಿಡಿ4 ಎಂಬ ರಕ್ತದ ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ ಮಾತ್ರ. ಮುಂದೆ ಆ ಗೆರೆಯನ್ನು 350ಕ್ಕೆ, 500ಕ್ಕೆ ಏರಿಸಿದರು. 2017ರಿಂದ ಗೆರೆಯೇ ಇಲ್ಲ: ಪರೀಕ್ಷೆಯಲ್ಲಿ ಬಂತೆಂದರೆ ಎಣಿಕೆ ಎಷ್ಟೇ ಇರಲಿ, ಗುಳಿಗೆ ಸುರು. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಗುಳಿಗೆ. ‘ತಮ್ಮ ಇದ್ದಾನೇನಪ್ಪಾ?’ ಎಂದೆ. ‘ಇದ್ದಾನ್ರಿ, ಕೆಮ್ಮತಾನ.’ ಗುರುವಾರ ನಾನೇ ಜತೆಗೆ ಹೋಗುವುದೆಂದು ಮಾತಾಯಿತು. ಇಂಥವರು ಇನ್ನೆಷ್ಟು ಮನೆಗಳಲ್ಲಿ ಹಳೆಯ ನಿಯಮವನ್ನು ನಂಬಿ ಕೂತಿದ್ದಾರೋ.

ಬಸ್ಸಿಗೆ ಕಾಯುವಾಗ ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಬಂದಳು. ಹುಟ್ಟಿನಿಂದ ಸೋಂಕು, ತಂದೆತಾಯಿ ಇಲ್ಲ, ಸೋದರಮಾವನ ಮನೆ. ಒಬ್ಬ ಹುಡುಗ ಎಲ್ಲ ತಿಳಿದೂ ಮದುವೆಯಾಗುತ್ತೇನೆ ಅಂದಿದ್ದಾನಂತೆ, ಅವನಿಗೆ ಸೋಂಕಿಲ್ಲ. ‘ಮೌಶೀ, ನನ್ನಿಂದ ಅವನ ಬಾಳ ಹಾಳಾಗಂಗಿಲ್ಲಲ್ಲ?’ ಅವಳ ವೈರಲ್ ಲೋಡ್ ವರದಿ ನೋಡಿದೆ, ಎರಡು ವರ್ಷದಿಂದ ಲೆಕ್ಕಕ್ಕೆ ಸಿಗದಷ್ಟು ಕೆಳಗಿದೆ. ಹಾಗಿದ್ದರೆ ಸಂಸಾರದಿಂದ ಸಂಗಾತಿಗೆ ತಗಲುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಒಬ್ಬರಿಗೆ ಸೋಂಕಿದ್ದು ಒಬ್ಬರಿಗೆ ಇಲ್ಲದ 1,763 ಜೋಡಿಗಳನ್ನು ಒಂಬತ್ತು ದೇಶಗಳಲ್ಲಿ ಗಮನಿಸಿದ ದೊಡ್ಡ ಅಧ್ಯಯನವೊಂದು, ಬೇಗನೆ ಗುಳಿಗೆ ಸುರುಮಾಡಿದರೆ ಸಂಗಾತಿಗೆ ಹರಡುವುದು ಶೇಕಡಾ 96ರಷ್ಟು ತಗ್ಗುತ್ತದೆಂದು 2011ರಲ್ಲೇ ತೋರಿಸಿತು. ಅದರಲ್ಲಿ ಪುಣೆಯ ಜೋಡಿಗಳೂ ಇದ್ದವು. ಆಮೇಲಿನ ಅಧ್ಯಯನಗಳು ವೈರಸ್ ಪೂರ್ತಿ ಅಡಗಿದವರಿಂದ ಹರಡುವುದೇ ಇಲ್ಲ ಎಂಬುದನ್ನು ಖಾತ್ರಿ ಮಾಡಿದವು. ಗುಳಿಗೆ ಒಂದು ದಿನವೂ ತಪ್ಪಿಸಬೇಡ, ಇಬ್ಬರೂ ಕೂಡಿ ಹೋಗಿ ಡಾಕ್ಟರರ ಹತ್ತಿರ ಮಾತಾಡಿರಿ, ಮದುವೆಗೆ ನನ್ನನ್ನು ಕರೆ ಎಂದೆ. ಅವಳು ಅತ್ತಳು, ನಾನೂ ಅತ್ತೆ.

ಈ ಹುಡುಗಿ ಹುಟ್ಟಿದ ವರ್ಷ ಆ ತಲೆಬುರುಡೆಯ ಪೋಸ್ಟರು ಇದೇ ಊರಿನ ಗೋಡೆಯ ಮೇಲಿತ್ತು.

15 ಡಿಸೆಂಬರ್, ಭಾನುವಾರ. ಗಡಹಿಂಗ್ಲಜ

ಹೊಸ್ತಿಲ ಹುಣ್ಣಿಮೆ. ಕೊಲ್ಹಾಪುರದಿಂದ ಬಸ್ಸುಗಟ್ಟಲೆ ಮಂದಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದಾರೆ. ಅವರು ಮರಳಿದ ಮೇಲೆ ಕೊಲ್ಹಾಪುರದಲ್ಲಿ ಅಂಬಲಿಯ ಜಾತ್ರೆ. ಮುಂದಿನ ವರ್ಷ ನಮ್ಮ ತಂಡ ಸವದತ್ತಿಯ ಜಾತ್ರೆಯಲ್ಲೇ ನಿಲ್ಲಬೇಕು. ಎರಡೂ ರಾಜ್ಯದವರು, ಎರಡೂ ಭಾಷೆಯವರು ಒಂದೇ ಕಡೆ ಸಿಗುವುದು ಅಲ್ಲಿ.

ಮುದುಕನ ತಮ್ಮನಿಗೆ ಕ್ಷಯದ ಔಷಧ ಸುರುವಾಗಿದೆ. ಅದು ಒಂದಿಷ್ಟು ಹಿಡಿತಕ್ಕೆ ಬಂದ ಮೇಲೆ ಎಆರ್‌ಟಿ ಸುರುಮಾಡುತ್ತಾರೆ. ದವಾಖಾನೆಯ ಹುಡುಗಿ ಅವನ ಜತೆ ಬಹಳ ಮರ್ಯಾದೆಯಿಂದ ಮಾತಾಡಿದಳು. ಆದರೆ ಅವನಿಗೆ ಮರಾಠಿ ಅಷ್ಟಕ್ಕಷ್ಟೇ. ನಡುವೆ ನಾನು ಇರದಿದ್ದರೆ ಅರ್ಧ ಅವನಿಗೆ ತಿಳಿಯುತ್ತಿರಲಿಲ್ಲ.

ನಾಳೆ ಮೇಲಿನವರಿಗೆ ಕೊಡುವ ಪತ್ರ ಬರೆದು ಮುಗಿಸಿದೆ. ಮಗ್ಗದ ಪೇಟೆಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಪರೀಕ್ಷೆಯ ಗಾಡಿ ನಿಲ್ಲಲಿ. ಇಚಲಕರಂಜಿಗೂ ಇಲ್ಲಿಯ ಮೂಡಲ ಹಳ್ಳಿಗಳಿಗೂ ಕನ್ನಡ ಬಲ್ಲ ಸಮಾಲೋಚಕರು ಬರಲಿ. ಬಸ್ಸಿನ ಕಾರ್ಡಿನ ಮೇಲೆ ರೋಗದ ಹೆಸರು ಬೇಡ. ಹಿಂದೆ ಗುಳಿಗೆ ಸಿಗದೆ ಮರಳಿದವರ ಮನೆಗೆ ಆಶಾ ಕಾರ್ಯಕರ್ತೆಯರು ಗುಟ್ಟು ಕಾಪಾಡಿಕೊಂಡು ಹೋಗಿ, ನಿಯಮ ಬದಲಾಗಿದೆ ಎಂದು ಹೇಳಲಿ. ಇದಕ್ಕೆ ಹೊಸ ಕಾಯಿದೆಯೂ ಬೇಡ, ದೊಡ್ಡ ದುಡ್ಡೂ ಬೇಡ. ಮುಂದಿನ ಡಿಸೆಂಬರ್ ಒಂದರ ಒಳಗೆ ಇಷ್ಟೂ ಆಗಬೇಕು.